ಬ್ಲಾಕ್ ಒಳಗೆ ಯಾರ ಕೈ ಆಡಿದೆ?

ಭಾಗ 1

ಮೊದಲನೇ ಫೋಟೋದಲ್ಲಿರೋ ಪಿಸ್ಟನ್ ಸ್ವಲ್ಪ ಜೂಮ್ ಮಾಡಿ ನೋಡಿ. ಸೈಲೆನ್ಸರ್ ಕಡೆಯ ಮೈ ಉದ್ದಕ್ಕೂ ಕೆರೆದು ಹೋಗಿದೆ. ಅಲ್ಯೂಮಿನಿಯಂ ಮೆತ್ತಿಕೊಂಡು ರಿಂಗ್ ಅಲ್ಲಾಡದ ಹಾಗೆ ಕೂತಿದೆ. ಇದು ಮೂವತ್ತು ವರ್ಷ ಓಡಿದ ಪಿಸ್ಟನ್ ಅಲ್ಲ. ಹಾಕಿ ಹನ್ನೊಂದು ದಿನ ಆಗಿತ್ತು ಅಷ್ಟೇ.

ಗಾಡಿ ನಮ್ಮ ಮಾವಂದು. ಅಮ್ಮನ ತಮ್ಮ. 1992ರ ಆರ್‌ಎಕ್ಸ್ 100. ಐದಾರು ವರ್ಷ ಹಸು ಕಟ್ಟೋ ಕೊಟ್ಟಿಗೆ ಪಕ್ಕ ಗೋಣಿಚೀಲ ಹೊದ್ದು ನಿಂತಿತ್ತು. "ನೀನೇ ಮೆಕ್ಯಾನಿಕಲ್ ಓದ್ತಿದ್ದೀಯಲ್ಲ, ಎತ್ಕೊಂಡು ಹೋಗು" ಅಂದ್ರು. ಡಿಪ್ಲೊಮಾ ಎರಡನೇ ವರ್ಷದ ರಜೆ ಪೂರ್ತಿ ಅದಕ್ಕೇ ಹೋಯ್ತು. ಬೋರ್ ಮಾಡಿಸಿದೆ, ಹೊಸ ಪಿಸ್ಟನ್, ಹೊಸ ಬೇರಿಂಗ್, ಕ್ರ್ಯಾಂಕ್ ಸೀಲ್, ಪ್ಯಾಕಿಂಗ್ ಸೆಟ್, ಎಲ್ಲಾ ಹಾಕಿದೆ.

ಹನ್ನೊಂದನೇ ದಿನ ಕುಣಿಗಲ್ ರಸ್ತೆಯಲ್ಲಿ, ಹೆಬ್ಬೂರು ದಾಟಿದ ಮೇಲೆ, ಅರವತ್ತರ ಮೇಲಿದ್ದಾಗ ಎಂಜಿನ್ ಹಿಡ್ಕೊಳ್ತು. ಹಿಂದಿನ ಚಕ್ರ ಲಾಕ್. ಕ್ಲಚ್ ಹಿಡಿಯೋಷ್ಟರಲ್ಲಿ ಗಾಡಿ ಅಡ್ಡ ಮಲಗಿತ್ತು. ನನಗೆ ಮೊಣಕೈ ತರಚಿತು. ಹಿಂದೆ ಕೂತಿದ್ದ ನಮ್ಮ ಕ್ಲಾಸಿನವನಿಗೆ ಬಲಗೈ ಮಣಿಕಟ್ಟು ಮುರೀತು. ಆರು ವಾರ ಪಟ್ಟಿ. ಆ ಸಲ ಡ್ರಾಯಿಂಗ್ ಇಂಟರ್ನಲ್ಸ್ ಬರೆಯೋಕಾಗಲಿಲ್ಲ. ಅವನು ಇದನ್ನ ಓದ್ತಿದ್ದಾನೆ, ಹೆಸರು ಹಾಕ್ಬೇಡ ಅಂದಿದ್ದಾನೆ.

ಎಲ್ಲರೂ ಒಂದೊಂದು ಹೇಳಿದ್ರು. ರನ್ನಿಂಗ್-ಇನ್ ಮಾಡದೆ ಎಳೆದಿದ್ದೀಯ, ಆಯಿಲ್ ಕಮ್ಮಿ ಆಗಿದೆ, ಪಿಸ್ಟನ್ ಡೂಪ್ಲಿಕೇಟು. ಮೂರೂ ಅಲ್ಲ. ನಾನು ಮಾಡಿದ ತಪ್ಪು ಏನಂದ್ರೆ, ಆ ಗಾಡಿಗೆ ಸರಿಯಾದ ಜೆಟ್ ಹಾಕಿದ್ದೆ. ಪುಸ್ತಕದ ಪ್ರಕಾರ ಸರಿಯಾದ ಜೆಟ್.

ಭಾಗ 2

ಆರ್‌ಎಕ್ಸ್ 100 ನಮ್ಮ ದೇಶದಲ್ಲಿ 1985ರಿಂದ 1996ರವರೆಗೆ ಬಂತು, ಎಸ್ಕಾರ್ಟ್ಸ್ ಮತ್ತು ಯಮಹಾ ಸೇರಿ ಮಾಡಿದ್ದು. (ಮೈಸೂರಿನ ಐಡಿಯಲ್ ಜಾವಾ, ಅಂದ್ರೆ ಯೆಜ್ಡಿ ಕಾರ್ಖಾನೆ, ಬಾಗಿಲು ಹಾಕಿದ್ದೂ 1996ರಲ್ಲೇ. ಟೂ-ಸ್ಟ್ರೋಕ್ ಹುಚ್ಚರಿಗೆ ಕೆಟ್ಟ ವರ್ಷ.) ಬೋರ್ 50 ಮಿಲಿಮೀಟರ್, ಸ್ಟ್ರೋಕ್ 50, ಒಟ್ಟು 98 ಸಿಸಿ. 11 ಬಿಎಚ್‌ಪಿ. ಈಗಿನ ಲೆಕ್ಕಕ್ಕೆ ಏನೂ ಅಲ್ಲ. ಆದ್ರೆ ಗಾಡಿ ಹಗುರ, ಥ್ರಾಟಲ್ ತಿರುಗಿಸಿದ ತಕ್ಷಣ ಏಳುತ್ತೆ.

ಕೊನೆಯ ಗಾಡಿ ಬಂದೇ ಮೂವತ್ತು ವರ್ಷ ಆಗ್ತಾ ಬಂತು ಅಂದ್ಮೇಲೆ ಪ್ರತಿಯೊಂದೂ ಎಷ್ಟು ಕೈ ದಾಟಿರುತ್ತೆ ಯೋಚನೆ ಮಾಡಿ. ಇದು ಟೂ-ಸ್ಟ್ರೋಕ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಎಂಜಿನ್ ಗುಣ ಎಲ್ಲಾ ಬ್ಲಾಕ್ ಗೋಡೆಯಲ್ಲಿರೋ ಕಿಂಡಿಗಳಲ್ಲಿ, ಅಂದ್ರೆ ಪೋರ್ಟ್‌ಗಳಲ್ಲಿದೆ. ಕೈಯಲ್ಲೊಂದು ಗ್ರೈಂಡರ್ ಇದ್ದವನು ಅರ್ಧ ದಿನದಲ್ಲಿ ಆ ಗುಣ ಬದಲಾಯಿಸಬಹುದು. ಬದಲಾಯಿಸಿದ್ದಾರೆ ಕೂಡ, ಊರೂರಲ್ಲಿ. ಹೊರಗಿಂದ ನೋಡಿದ್ರೆ ಒಂದು ಕೂದಲೂ ಗೊತ್ತಾಗಲ್ಲ.

ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡ್ತೀನಿ, ಒಪ್ಪದಿದ್ರೆ ಕಾಮೆಂಟ್‌ನಲ್ಲಿ ಬೈಯಿರಿ. ಹಳೇ ಗಾಡಿ ಬಿಚ್ಚಿದ ಮೇಲೆ "ಕಂಪನಿ ಇದಕ್ಕೆ ಏನು ಹಾಕಿತ್ತು" ಅನ್ನೋದು ಎರಡನೇ ಪ್ರಶ್ನೆ. "ಈಗ ಇದರೊಳಗೆ ಏನಿದೆ" ಅನ್ನೋದೇ ಮೊದಲನೇದು. ಮೊದಲನೇದಕ್ಕೆ ಉತ್ತರ ಸಿಗೋವರೆಗೂ ಒಂದೂ ಹೊಸ ಪಾರ್ಟ್ ತರಬೇಡಿ. ಅದರಲ್ಲೂ ಒರಿಜಿನಲ್ ಪಾರ್ಟ್ ತರಲೇಬೇಡಿ.

ಭಾಗ 3

ಜೆಟ್ ಕಥೆಗೆ ಬರೋಣ.

ಕಾರ್ಬೊರೇಟರ್ ಬಿಚ್ಚಿದಾಗ ಮೈನ್ ಜೆಟ್‌ನ ತೂತಿನ ಅಂಚು ಒಂಥರಾ ಇತ್ತು. ಬೆಳಕಿಗೆ ಹಿಡಿದು ನೋಡಿದ್ರೆ ಪೂರ್ತಿ ದುಂಡಗಿಲ್ಲ, ಯಾರೋ ಸಣ್ಣ ಡ್ರಿಲ್ ಬಿಟ್ಟು ದೊಡ್ಡದು ಮಾಡಿದ್ರು. ಮೇಲೆ ಕೊರೆದಿರೋ ನಂಬರ್ ಒಂದು, ತೂತು ಇನ್ನೊಂದು. "ಛೆ, ಹಾಳು ಮಾಡಿಟ್ಟಿದ್ದಾರೆ" ಅಂತ ಅದನ್ನ ಡಬ್ಬಿಗೆ ಹಾಕಿದೆ. ಸ್ಟಾಕ್ ನಂಬರಿನ ಹೊಸ ಜೆಟ್ ತಂದೆ. ಒಳ್ಳೇ ಕೆಲಸ ಮಾಡಿದೆ ಅಂತ ಸ್ಟೋರಿ ಕೂಡ ಹಾಕಿದ್ದೆ, ನಿಮ್ಮಲ್ಲಿ ಕೆಲವರು ಹಾರ್ಟ್ ಕೊಟ್ಟಿದ್ರಿ.

ಆ ಜೆಟ್ ದೊಡ್ಡದಾಗಿದ್ದಕ್ಕೆ ಕಾರಣ ಇತ್ತು. ಬ್ಲಾಕ್‌ಗೆ ಪೋರ್ಟಿಂಗ್ ಆಗಿತ್ತು. ಎಕ್ಸಾಸ್ಟ್ ಪೋರ್ಟ್ ಮೇಲಕ್ಕೂ ಅಗಲಕ್ಕೂ ಹೋಗಿತ್ತು. ಹೆಡ್ ಫೇಸಿಂಗ್ ಮಾಡಿಸಿ ಕಂಪ್ರೆಷನ್ ಏರಿಸಿದ್ರು. ಸೈಲೆನ್ಸರ್ ಒಳಗಿನ ಕೋರ್ ಇರಲೇ ಇಲ್ಲ. ಇಂಥ ಎಂಜಿನ್ ಹೆಚ್ಚು ಆರ್‌ಪಿಎಂನಲ್ಲಿ ಹೆಚ್ಚು ಗಾಳಿ ಎಳೆಯುತ್ತೆ. ಗಾಳಿ ಹೆಚ್ಚಾದ್ರೆ ಪೆಟ್ರೋಲೂ ಹೆಚ್ಚು ಬೇಕು. ಅದಕ್ಕೇ ಆ ಪುಣ್ಯಾತ್ಮ ಜೆಟ್ ಕೊರೆದಿದ್ದ. ಒಂದಕ್ಕೊಂದು ಹೊಂದಿಸಿ ಮಾಡಿದ ಸೆಟ್ ಅದು.

ನಾನು ಆ ಸೆಟ್‌ನಿಂದ ಒಂದನ್ನ ಮಾತ್ರ ಕಿತ್ತು "ಒರಿಜಿನಲ್" ಮಾಡಿದೆ. ಪೆಟ್ರೋಲ್ ಕಮ್ಮಿ ಬಂತು, ಮಿಕ್ಸ್ಚರ್ ಲೀನ್ ಆಯ್ತು. ಟೂ-ಸ್ಟ್ರೋಕ್‌ನಲ್ಲಿ ಒಳಗೆ ಬರೋ ಪೆಟ್ರೋಲೇ ಪಿಸ್ಟನ್ನಿಗೆ ಸ್ವಲ್ಪ ತಂಪು ಕೊಡೋದು, ಅದರ ಜೊತೆಗೇ ಆಯಿಲೂ ಬರೋದು. ಅತಿ ಬಿಸಿ ಇರೋದು ಎಕ್ಸಾಸ್ಟ್ ಕಡೆ. ಅಲ್ಲೇ ಪಿಸ್ಟನ್ ಉಬ್ಬಿ ಬ್ಲಾಕ್ ಹಿಡ್ಕೊಳ್ತು.

ಗೀರು ಎಲ್ಲಿ ಬಿದ್ದಿದೆ ಅನ್ನೋದನ್ನ ಓದೋಕೆ ಕಲೀರಿ. ಎಂಜಿನ್ ಬಿಸಿಯಾಗೋ ಮೊದಲೇ ಎಳೆದಿದ್ರೆ ಸಾಮಾನ್ಯವಾಗಿ ನಾಲ್ಕು ಕಡೆ ಸಮನಾಗಿ ಕೆರೆದಿರುತ್ತೆ. ಆಯಿಲ್ ಇಲ್ಲದೆ ಹೋಗಿದ್ರೆ ಸುತ್ತಲೂ ಒಣಗಿದ ಹಾಗೆ ಉಜ್ಜಿರುತ್ತೆ. ನನ್ನದು ಒಂದೇ ಕಡೆ, ಸೈಲೆನ್ಸರ್ ಕಡೆ. ಅದನ್ನ ನೋಡಿ ರನ್ನಿಂಗ್-ಇನ್ ಬಗ್ಗೆ ಭಾಷಣ ಬಿಗಿದವರಿಗೆ ನಾನು ಆವತ್ತು ಏನೂ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಭಾಗ 4

ಈಗ ಬ್ಲಾಕ್. ಇದೇ ಮುಖ್ಯ, ಸೇವ್ ಮಾಡ್ಕೊಳ್ಳಿ.

ಮೊದಲು ಬೆರಳು, ಆಮೇಲೆ ಕಣ್ಣು. ಬ್ಲಾಕ್ ಚೆನ್ನಾಗಿ ತೊಳೆದು ಪೋರ್ಟ್ ಒಳಗೆ ಬೆರಳಾಡಿಸಿ. ಎರಕದಿಂದ ಬಂದ ಗೋಡೆ ಎಲ್ಲಾ ಕಡೆ ಒಂದೇ ಥರ ಮರಳು ಮರಳಾಗಿರುತ್ತೆ. ಗ್ರೈಂಡರ್ ಆಡಿದ ಜಾಗ ಒಂದೋ ಕನ್ನಡಿ ಥರ ನುಣುಪು, ಇಲ್ಲಾ ಸಣ್ಣ ಸಣ್ಣ ಅಲೆ. ಪೋರ್ಟ್ ಬಾಯಲ್ಲಿ ನುಣುಪು, ಒಂದಿಂಚು ಒಳಗೆ ಒರಟು ಅಂತಿದ್ರೆ ಅಲ್ಲಿವರೆಗೆ ಯಾರದ್ದೋ ಕೈ ಹೋಗಿದೆ.

ಆಮೇಲೆ ಎಡ-ಬಲ ಹೋಲಿಸಿ. ಎರಡು ಪಕ್ಕದ ಟ್ರಾನ್ಸ್‌ಫರ್ ಪೋರ್ಟ್‌ಗಳು ಕಂಪನಿಯಲ್ಲಿ ಅವಳಿ ಮಕ್ಕಳ ಹಾಗೆ ಬಂದಿರುತ್ತವೆ. ಕೈಯಲ್ಲಿ ಮಾಡಿದ್ದು ಎಷ್ಟೇ ಚೆನ್ನಾಗಿದ್ರೂ ಒಂದು ಕಡೆ ಅರ್ಧ ಮಿಲಿಮೀಟರ್ ತಪ್ಪಿರುತ್ತೆ.

ಇದನ್ನ ಕಣ್ಣಳತೆಯಲ್ಲಿ ಬಿಡಬೇಡಿ, ಕಾಗದಕ್ಕೆ ಇಳಿಸಿ. ಡ್ರಾಯಿಂಗ್ ಶೀಟ್‌ನಿಂದ ಸುಮಾರು 157 ಮಿಲಿಮೀಟರ್ ಅಗಲದ ತುಂಡು ಕತ್ತರಿಸಿ (50 ಮಿಲಿಮೀಟರ್ ಬೋರಿನ ಸುತ್ತಳತೆ ಅಷ್ಟೇ ಬರೋದು, ಲೆಕ್ಕ ಹಾಕಿ ನೋಡಿ). ಸುರುಳಿ ಸುತ್ತಿ ಬೋರ್ ಒಳಗೆ ಬಿಡಿ, ಮೇಲಂಚು ಬ್ಲಾಕ್ ಮೇಲ್ಮೈಗೆ ಸಮ ಇರಲಿ. ಬೆರಳಿಗೆ ಪೆನ್ಸಿಲ್ ಪುಡಿ ಹಚ್ಕೊಂಡು ಪೋರ್ಟ್ ಅಂಚುಗಳ ಮೇಲೆ ಉಜ್ಜಿ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುತ್ತಿದ್ವಲ್ಲ, ಅದೇ ಆಟ. ಬಿಚ್ಚಿ ಹರಡಿದ್ರೆ ಪೂರ್ತಿ ಪೋರ್ಟ್ ನಕ್ಷೆ ನಿಮ್ಮ ಕೈಯಲ್ಲಿ. ನಾಲ್ಕನೇ ಫೋಟೋ ನನ್ನ ಬ್ಲಾಕ್‌ದು. ಎಕ್ಸಾಸ್ಟ್ ಪೋರ್ಟಿನ ಬಲಭುಜ ಎಡಭುಜಕ್ಕಿಂತ ಮೇಲಿದೆ ನೋಡಿ. ನಮ್ಮ ಮೆಟ್ರಾಲಜಿ ಲ್ಯಾಬ್‌ನಲ್ಲಿ ಒಂದು ವರ್ಷ ವರ್ನಿಯರ್ ಹಿಡಿದು ಆಕಳಿಸಿದ್ದೀನಿ, ಅದು ಯಾತಕ್ಕೆ ಅಂತ ಆವತ್ತು ಗೊತ್ತಾಯ್ತು.

ಸ್ಟಾಕ್ ಎಷ್ಟಿತ್ತು ಅಂತ ತಿಳಿಯೋದು ಹೇಗೆ? ಇನ್ನೊಂದು ಬ್ಲಾಕ್ ಜೊತೆ ಹೋಲಿಸಬೇಕು. ಆದ್ರೆ ಆ ಬ್ಲಾಕಿಗೂ ಯಾರೋ ಕೈ ಹಾಕಿರಬಹುದಲ್ಲ! ಅದಕ್ಕೇ ನಾನು ಲೇತ್ ಅಂಗಡಿಯಲ್ಲಿ ಬೋರಿಗೆ ಬಂದಿದ್ದ ಮೂರು ಬ್ಲಾಕ್ ಬೇಡ್ಕೊಂಡು ಅಳೆದೆ. ಎರಡು ಹೊಂದಿಕೆ ಆದವು, ಒಂದು ಬೇರೆ. ಆ ಎರಡಕ್ಕಿಂತ ನನ್ನ ಎಕ್ಸಾಸ್ಟ್ ಪೋರ್ಟ್ 1.5 ಮಿಲಿಮೀಟರ್ ಮೇಲಿತ್ತು. ಕಮ್ಮಿ ಅನ್ಸುತ್ತಾ? 50 ಮಿಲಿಮೀಟರ್ ಸ್ಟ್ರೋಕಿನ ಎಂಜಿನ್‌ನಲ್ಲಿ ಆ ಜಾಗದಲ್ಲಿ 1 ಮಿಲಿಮೀಟರ್ ಅಂದ್ರೆ ಕ್ರ್ಯಾಂಕಿನ 2 ಡಿಗ್ರಿಗೂ ಹೆಚ್ಚು. ತೆರೆಯೋವಾಗ ಅಷ್ಟು, ಮುಚ್ಚೋವಾಗ ಅಷ್ಟು. ಒಟ್ಟು 7 ಡಿಗ್ರಿ ಹತ್ತಿರ ಹೆಚ್ಚು ಹೊತ್ತು ಬಾಗಿಲು ತೆರೆದಿರುತ್ತೆ. ಮೇಲ್ಗಡೆ ಚೀರುತ್ತೆ, ಕೆಳಗಡೆ ದಮ್ಮಿಲ್ಲ.

ಒಂದು ಮೋಸ ಇದೆ, ಹುಷಾರು. ಬ್ಲಾಕಿನ ಮೇಲ್ಮೈಯನ್ನೇ ಯಾರಾದ್ರೂ ಲೇತ್‌ಗೆ ಹಾಕಿ ತೆಗೆದಿದ್ರೆ ಎಲ್ಲಾ ಪೋರ್ಟೂ ಮೇಲೆ ಬಂದ ಹಾಗೆ ಕಾಣುತ್ತೆ. ಅದಕ್ಕೆ ಮೇಲಿನಿಂದ ಮಾತ್ರ ಅಳೆದು ತೀರ್ಪು ಕೊಡಬೇಡಿ. ಎಕ್ಸಾಸ್ಟ್ ಅಂಚಿಗೂ ಟ್ರಾನ್ಸ್‌ಫರ್ ಅಂಚಿಗೂ ನಡುವಿನ ಅಂತರ ನೋಡಿ. ಅದನ್ನ ಲೇತ್ ಬದಲಾಯಿಸೋಕಾಗಲ್ಲ.

ಅಗಲವನ್ನೂ ಅಳೀರಿ. ನಡುವೆ ಕಂಬ ಇಲ್ಲದ ಒಂದೇ ಎಕ್ಸಾಸ್ಟ್ ಪೋರ್ಟ್ ಬೋರಿನ 70 ಪರ್ಸೆಂಟ್ ದಾಟಿದ್ರೆ, ಅಂದ್ರೆ 50ಕ್ಕೆ 35 ಮಿಲಿಮೀಟರ್, ರಿಂಗ್ ಉಬ್ಬಿ ಪೋರ್ಟಿಗೆ ಸಿಕ್ಕಿಬೀಳೋ ಭಯ ಶುರು. ಅಂಥ ಬ್ಲಾಕ್ ಸಿಕ್ಕಿದ್ರೆ ಆಸೆ ಬಿಡಿ.

ಭಾಗ 5

ಹೆಡ್ ವಿಷಯದಲ್ಲಿ ಕಣ್ಣು ನಂಬಬೇಡಿ. "ಮೆಷಿನ್ ಗೆರೆ ಇದೆ, ಫೇಸಿಂಗ್ ಆಗಿದೆ" ಅಂತ ಹೇಳೋರಿದ್ದಾರೆ. ಕಂಪನಿಯವರೂ ಮೆಷಿನ್ ಮಾಡಿಯೇ ಕಳಿಸೋದು, ಗೆರೆ ಇದ್ದೇ ಇರುತ್ತೆ. ಕೆಳಗಿನ ಫಿನ್‌ನಿಂದ ಕೂರೋ ಮೇಲ್ಮೈಗೆ ಎಷ್ಟು ದಪ್ಪ ಅಂತ ವರ್ನಿಯರ್ ಹಿಡಿದು ಇನ್ನೊಂದು ಹೆಡ್ ಜೊತೆ ಹೋಲಿಸಿ.

ಇನ್ನೊಂದು ಪರೀಕ್ಷೆ ಸೋಲ್ಡರ್ ತಂತಿಯದು. ಮೆತ್ತಗಿನ ಸೋಲ್ಡರ್ ತಂತಿಯ ಎರಡು ತುಂಡನ್ನ ಪಿಸ್ಟನ್ ತಲೆಯ ಮೇಲೆ ಅಂಚಿಗೆ, ಗಜನ್ ಪಿನ್ ಸಾಲಿನಲ್ಲೇ ಎರಡೂ ಪಕ್ಕ, ಗ್ರೀಸ್ ಹಚ್ಚಿ ಕೂರಿಸಿ. ಬೇರೆ ಕಡೆ ಇಟ್ರೆ ಪಿಸ್ಟನ್ ವಾಲಿ ಅಳತೆ ಸುಳ್ಳಾಗುತ್ತೆ. ಪ್ಯಾಕಿಂಗ್ ಸಮೇತ ಹೆಡ್ ಬಿಗಿದು ಮ್ಯಾಗ್ನೆಟ್ ನಟ್ ಹಿಡಿದು ಕೈಯಲ್ಲೇ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತುದಿ ಅಳೆದ್ರೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಎಷ್ಟು ಜಾಗ ಉಳಿದಿದೆ ಅಂತ ಸಿಗುತ್ತೆ. ನನ್ನದು 0.7 ಬಂತು. ಅಳೆದಾಗ ಬೆನ್ನು ಸ್ವಲ್ಪ ತಣ್ಣಗಾಯ್ತು, ಸುಳ್ಳು ಹೇಳಲ್ಲ.

ಅರ್ಧ ಮಿಲಿಮೀಟರ್ ತೆಗೆದ್ರೆ ಏನಾಗುತ್ತೆ ಅಂತ ಕೇಳೋರಿಗೆ: 50 ಮಿಲಿಮೀಟರ್ ಅಗಲದ ಚೇಂಬರ್‌ನಲ್ಲಿ ಅದು ಸುಮಾರು 1 ಸಿಸಿ. ಉದಾಹರಣೆಗೆ ಮೇಲುಳಿಯೋ ಜಾಗ 12 ಸಿಸಿ ಇತ್ತು ಅನ್ಕೊಳ್ಳಿ, 11 ಆಗುತ್ತೆ. ಲೆಕ್ಕದ ಕಂಪ್ರೆಷನ್ 9.2ರಿಂದ 9.9ಕ್ಕೆ ಜಿಗಿಯುತ್ತೆ. ಕಿಕ್ ಗಟ್ಟಿಯಾಗುತ್ತೆ, ಪಿಕಪ್ ಬರುತ್ತೆ, ಬಿಸಿಯೂ ಬರುತ್ತೆ.

ಬ್ಲಾಕ್ ಕೆಳಗಿನ ಪ್ಯಾಕಿಂಗ್ ಎಷ್ಟಿದೆ ಅಂತಲೂ ಕೆರೆಯೋ ಮೊದಲು ಎಣಿಸಿ. ಕೆಲವರು ಎರಡು ಮೂರು ಹಾಕಿ ಬ್ಲಾಕನ್ನೇ ಎತ್ತಿರ್ತಾರೆ. ಗ್ರೈಂಡರ್ ಮುಟ್ಟದೆ ಪೋರ್ಟ್ ಟೈಮಿಂಗ್ ಬದಲಾಯಿಸೋ ಅಗ್ಗದ ದಾರಿ ಅದು. ನೀವು ಕಸ ಅಂತ ಕಿತ್ತು ಒಂದೇ ಹಾಕಿದ್ರೆ ಬ್ಲಾಕ್ ಕೆಳಗಿಳಿಯುತ್ತೆ, ಅದರ ಜೊತೆ ಹೆಡ್ಡೂ ಇಳಿಯುತ್ತೆ, ಪಿಸ್ಟನ್ ಹೋಗಿ ಹೆಡ್ಡಿಗೆ ಮುತ್ತಿಡಬಹುದು.

ಭಾಗ 6

ಉಳಿದದ್ದು ಬೇಗ ಬೇಗ.

ಕಾರ್ಬೊರೇಟರ್: ಸ್ಟಾಕ್ ಗಾಡಿಗೆ 20 ಮಿಲಿಮೀಟರಿನ ಮಿಕುನಿ. ಬಾಯಿ ಅಳೆದು ನೋಡಿ, ದೊಡ್ಡದಿದ್ರೆ ಬೇರೆ ಗಾಡಿದು. ಜೆಟ್ ನಂಬರ್ ಓದಿ ನಂಬಬೇಡಿ, ನನ್ನ ಗತಿ ನೋಡಿದ್ರಲ್ಲ. ರೀಡ್ ವಾಲ್ವ್: ಎಲೆಗಳು ಉಕ್ಕಿನದಾ ಫೈಬರ್‌ದಾ, ಅವನ್ನ ತಡೆಯೋ ಪ್ಲೇಟ್ ಬಗ್ಗಿಸಿದ್ದಾರಾ. ಪಿಸ್ಟನ್: ತಲೆಯ ಮೇಲೆ ಓವರ್‌ಸೈಜ್ ನಂಬರ್ ಇರುತ್ತೆ. 50 ಅಂತ ಇದ್ರೆ ಬೋರ್ 50 ಮಿಲಿಮೀಟರ್ ಅಂತ ಅಲ್ಲ, 0.50 ಓವರ್‌ಸೈಜ್ ಅಂತ. ಈ ತಪ್ಪು ನಾನೊಬ್ಬನೇ ಮಾಡಿಲ್ಲ ಅಂತ ಗೊತ್ತು. ಹಳೇ ಪಿಸ್ಟನ್ ಸ್ಕರ್ಟನ್ನ ಹೊಸದರ ಪಕ್ಕ ಇಟ್ಟು ನೋಡಿ, ಕತ್ತರಿಸಿರೋದುಂಟು.

ಒಂದು ಕಡೆ ಮಾತ್ರ ನಿಲ್ಲಿ: ಆಯಿಲ್ ಪಂಪ್. ಈ ಗಾಡಿಗೆ ಬೇರೆ ಟೂಟಿ ಆಯಿಲ್ ಟ್ಯಾಂಕ್ ಇದೆ, ಪಂಪ್ ಅದನ್ನ ಎಂಜಿನ್ನಿಗೆ ಕಳಿಸುತ್ತೆ. "ಪಂಪ್ ನಂಬೋಕಾಗಲ್ಲ" ಅಂತ ಎಷ್ಟೋ ಜನ ಪಂಪ್ ತೆಗೆಸಿ, ಆ ಜಾಗಕ್ಕೆ ತಗಡು ಬಡಿದು, ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸ್ತಾರೆ. ಹಳೇ ಜಾವಾ ಓಡಿಸಿದ ತಾತಂದಿರಿಗೆ ಬೆರೆಸೋದು ಹೊಸದೇನಲ್ಲ, ಅದರಲ್ಲಿ ತಪ್ಪೂ ಇಲ್ಲ. ತಪ್ಪು ಇರೋದು ಅದನ್ನ ಹೇಳದೆ ಗಾಡಿ ಮಾರೋದ್ರಲ್ಲಿ. ಕೊಂಡವನು ಟ್ಯಾಂಕಲ್ಲಿ ಆಯಿಲ್ ತುಂಬಿದೆ ಅಂತ ನೆಮ್ಮದಿಯಾಗಿ ಬರೀ ಪೆಟ್ರೋಲ್ ಹಾಕಿಸ್ತಾನೆ. ಬಂಕ್‌ನಿಂದ ಹೊರಟು ಎಷ್ಟು ದೂರ ಹೋಗ್ತಾನೆ ಅನ್ನೋದಷ್ಟೇ ಪ್ರಶ್ನೆ. ಥ್ರಾಟಲ್ ಕೇಬಲ್ ಜೊತೆ ಪಂಪಿಗೆ ಹೋಗೋ ಕೇಬಲ್ ಇದೆಯಾ, ಕಿಟ್ ತರೋಕೆ ಮುಂಚೆ ಅದನ್ನ ನೋಡಿ.

ಭಾಗ 7

135 ಬ್ಲಾಕ್ ಬಗ್ಗೆ ಡಿಎಂ ಮಾಡಿದವರಿಗೆ ಇಲ್ಲೇ ಉತ್ತರ. ಹೌದು, 135ರ ಸ್ಟ್ರೋಕೂ 50 ಮಿಲಿಮೀಟರೇ, ಬೋರ್ 58. 98 ಸಿಸಿ ಇದ್ದದ್ದು 132 ಆಗುತ್ತೆ. ಹೊರಗೆ 100 ಅಂತ ಸ್ಟಿಕ್ಕರ್, ಒಳಗೆ 135. ಬ್ಲಾಕ್ ಎತ್ತಿ ಕ್ರ್ಯಾಂಕ್‌ಕೇಸ್ ಬಾಯಿ ನೋಡಿದ್ರೆ ಕೊರೆದ ಗುರುತು ಸಿಗುತ್ತೆ.

ಮಜಾ ಬರುತ್ತೆ, ಒಪ್ತೀನಿ. ಆದ್ರೆ ಆರ್‌ಸಿಯಲ್ಲಿ 98 ಅಂತಲೇ ಇರುತ್ತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ಪೊಲೀಸರು ಬ್ಲಾಕ್ ಬಿಚ್ಚಿ ನೋಡಲ್ಲ ಅಂತ ನಗ್ತೀರಿ. ಆಕ್ಸಿಡೆಂಟ್ ಆಗಿ ಯಾರಿಗಾದ್ರೂ ಪೆಟ್ಟಾದ ದಿನ ನಗು ಬರಲ್ಲ. ನನಗೆ ಆಸ್ಪತ್ರೆ ಕಾರಿಡಾರ್‌ನಲ್ಲಿ ಅವನ ಅಪ್ಪನ ಮುಖ ನೋಡೋಕಾಗಲಿಲ್ಲ. ಅವರು "ಗಾಡಿಗೆ ಏನಾಗಿತ್ತಪ್ಪಾ?" ಅಂತ ಕೇಳಿದ್ರು. ಬೈದಿದ್ರೆ ಚೆನ್ನಾಗಿರ್ತಿತ್ತು. ಗೊತ್ತಿಲ್ಲ ಅಂಕಲ್ ಅಂದೆ. ಆ ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದವನು ನಾನೇ.

ಮಾರೋರ ಕಡೆಗೂ ಒಂದು ಮಾತು. ಈಗ ಆರ್‌ಎಕ್ಸ್‌ಗೆ ರೇಟ್ ಬಂದಿರೋದ್ರಿಂದ ಎಲ್ಲರದ್ದೂ "ಫುಲ್ ಒರಿಜಿನಲ್". ಪೇಂಟ್, ಸ್ಟಿಕ್ಕರ್, ಮೀಟರ್ ನೋಡಿ ಹೇಳೋ ಮಾತದು. ಎರಕದ ಮೇಲಿನ ಅಕ್ಷರ ತೋರಿಸ್ತಾರೆ, ಅಕ್ಷರ ಕಾಪಿ ಮಾಡೋದು ಎಷ್ಟು ಹೊತ್ತಿನ ಕೆಲಸ? ಬ್ಲಾಕ್ ಎತ್ತಿ ತೋರಿಸಿ ಒರಿಜಿನಲ್ ಅಂದವರನ್ನ ನಾನಿನ್ನೂ ನೋಡಿಲ್ಲ.

ಭಾಗ 8

ನಮ್ಮ ಏರಿಯಾ ಗ್ಯಾರೇಜಿನ ಅಣ್ಣ ಈ ಸೀರೀಸ್ ನೋಡಿ ನಕ್ಕರು. "ಇಷ್ಟೆಲ್ಲಾ ಅಳೀತಾ ಕೂತ್ರೆ ಗಾಡಿ ಯಾವಾಗ ಓಡಿಸ್ತೀಯಾ? ಕಿಕ್ ಹೊಡೆದ್ರೆ ಕಾಲಿಗೇ ಗೊತ್ತಾಗುತ್ತೆ." ಅವರಿಗೆ ಗೊತ್ತಾಗುತ್ತೆ, ನಿಜ. ಮೂವತ್ತು ವರ್ಷ ಸೌಂಡ್ ಕೇಳಿರೋ ಕಿವಿ ಅದು. ನನ್ನ ಕಾಲಿಗೆ ಗೊತ್ತಾಗಲ್ಲ, ನಿಮ್ಮದಕ್ಕೂ ಗೊತ್ತಾಗಲ್ಲ. ನಮಗಿರೋದು ವರ್ನಿಯರ್ ಮಾತ್ರ.

ಪೋರ್ಟಿಂಗ್ ಮಾಡಿದವನ ಮೇಲೆ ನನಗೆ ಕೋಪ ಇಲ್ಲ. ಈಗ ನೋಡಿದ್ರೆ ಒಳ್ಳೇ ಕೈ ಇತ್ತು ಅವನಿಗೆ. ಕೋಪ ಇರೋದು ಒಂದು ಚೀಟಿ ಬರೆದಿಡಲಿಲ್ಲ ಅನ್ನೋದಕ್ಕೆ. "ಎಕ್ಸಾಸ್ಟ್ 1.5 ಏರಿಸಿದೆ, ಹೆಡ್ ತೆಗೆದಿದೆ, ಜೆಟ್ ಕೊರೆದಿದೆ." ಒಂದು ಸಾಲು.

ಮಾವನಿಗೆ ಫೋನ್ ಮಾಡಿ ಕೇಳಿದೆ. ಗಾಡಿ ಕೊಡುವಾಗ "ಕಂಪನಿ ಹಾಕಿದ್ದು ಬಿಟ್ಟು ಒಂದು ಬೋಲ್ಟ್ ಬದಲಾಗಿಲ್ಲ ಕಣೋ" ಅಂತ ಆಣೆ ಮಾಡಿದ್ರು. ಪೋರ್ಟ್ ನಕ್ಷೆಯ ಫೋಟೋ ಕಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಓಹ್, ಅದಾ? ಮದುವೆಗೆ ಮುಂಚೆ ಪಿಕಪ್‌ಗೆ ಅಂತ ಏನೋ ಮಾಡ್ಸಿದ್ದೆ. ಅದೂ ಲೆಕ್ಕಕ್ಕೆ ಬರುತ್ತಾ? ಅಪ್ಪನಿಗೆ ಹೇಳಿರಲಿಲ್ಲ" ಅಂದ್ರು. ಅವರು ಸುಳ್ಳು ಹೇಳಿರಲಿಲ್ಲ. ಅವರ ತಲೆಯಲ್ಲಿ ಅದು "ಬದಲಾವಣೆ" ಅಂತ ದಾಖಲಾಗಿಯೇ ಇಲ್ಲ. ಹಾಗಾಗಿ ಓನರ್‌ನ "ಏನಾದ್ರೂ ಮಾಡ್ಸಿದ್ರಾ" ಅಂತ ಕೇಳಬೇಡಿ, "ಪಿಕಪ್‌ಗೆ ಏನು ಮಾಡ್ಸಿದ್ರಿ" ಅಂತ ಕೇಳಿ.

ಕೊನೆಗೆ ನಾನು ಮಾಡಿದ್ದು: ಆ ಬ್ಲಾಕನ್ನೇ ಇಟ್ಕೊಂಡೆ, ಮುಂದಿನ ಓವರ್‌ಸೈಜಿಗೆ ಬೋರ್ ಮಾಡಿಸಿ ಪೋರ್ಟ್ ಅಂಚುಗಳನ್ನ ಮೆತ್ತಗೆ ಸವರಿಸಿದೆ. ಮಾವನ ಬ್ಲಾಕ್ ಅದು, ಗುಜರಿಗೆ ಹಾಕೋಕೆ ಮನಸ್ಸಾಗಲಿಲ್ಲ. ಹೆಡ್ ಮಾತ್ರ ತೆಗೆಸದೇ ಇರೋದು ಹುಡುಕಿ ತಂದೆ. ಸೈಲೆನ್ಸರಿಗೆ ಕೋರ್ ವಾಪಸ್ ಹಾಕಿದೆ. ಜೆಟ್ ಬೇಕಂತಲೇ ದೊಡ್ಡದರಿಂದ ಶುರು ಮಾಡಿ, ಪ್ಲಗ್ ಬಣ್ಣ ನೋಡ್ಕೊಂಡು ಒಂದೊಂದೇ ಮೆಟ್ಟಿಲು ಇಳಿಸ್ತಿದ್ದೀನಿ. ಎಲ್ಲಾ ಅಳತೆ ಬರೆದು ಲ್ಯಾಮಿನೇಟ್ ಮಾಡಿಸಿ ಸೀಟ್ ಕೆಳಗೆ ಅಂಟಿಸಿದ್ದೀನಿ, ಕೊನೇ ಫೋಟೋ ಅದೇ. ಕೈಬರಹಕ್ಕೆ ನಗಬೇಡಿ.

ಹಿಂದೆ ಕೂರ್ತೀಯಾ ಅಂತ ಅವನನ್ನ ಕೇಳಿದೆ. "ಮೊದಲು ಇನ್ನೂರು ಕಿಲೋಮೀಟರ್ ಒಬ್ಬನೇ ಓಡಿಸು, ಪ್ಲಗ್ ಫೋಟೋ ಕಳಿಸು, ಆಮೇಲೆ ನೋಡೋಣ" ಅಂದಿದ್ದಾನೆ. ಇವತ್ತಿಗೆ 62 ಆಗಿದೆ.